ಓದುಗರ ಸ್ಪಂದನ: ಅವರು ಮತ್ತೆ ಕೇಂದ್ರಕ್ಕೆ ಬರಬೇಕಾದರೆ ನಾನೇನು ಮಾಡಲಿ?

ಕಳೆದ ಸಂಚಿಕೆಯ ಸಮಸ್ಯೆ: ದಕ್ಷಿಣ ಬೆಂಗಳೂರಿನ ಬಡಾವಣೆಯೊಂದರಲ್ಲಿ ಹಿರಿಯ ನಾಗರಿಕರ ಹಗಲು ಕೇಂದ್ರ ನಡೆಸುತ್ತಿದ್ದೇವೆ, ನಾನು ಅದರ ಕಾರ್ಯದರ್ಶಿ. ನಮ್ಮ ಸದಸ್ಯರೊಬ್ಬರು, 68 ವರ್ಷದ ನಿವೃತ್ತ ಬ್ಯಾಂಕ್ ಅಧಿಕಾರಿ, ಜೊತೆಗಿದ್ದ ಸ್ನೇಹಿತರೊಬ್ಬರು ತೀರಿಕೊಂಡ ಮೇಲೆ ತೀರಾ ಮಂಕಾಗಿದ್ದರು. ಇಬ್ಬರೂ ಗಂಡಸರೇ. ಒಂದು ದಿನ ನನ್ನ ಕೋಣೆಗೆ ಬಂದು, ‘ಅವರು ಬರೀ ಸ್ನೇಹಿತರಲ್ಲ, ನನ್ನ ಸಂಗಾತಿ’ ಎಂದರು. ಯಾರಿಗೂ ಹೇಳಬೇಡಿ ಎಂದರು, ನಾನು ಹೇಳಿಲ್ಲ. ಆದರೂ ಗುಸುಗುಸು ಶುರುವಾಯಿತು. ಇಬ್ಬರು ಸದಸ್ಯರು ‘ಅಂಥವರು ಬರುವುದಾದರೆ ನಾವು ಬರುವುದಿಲ್ಲ’ ಎಂದಿದ್ದಾರೆ. ಈಗ ಅವರೇ ಬರುವುದನ್ನು ನಿಲ್ಲಿಸಿದ್ದಾರೆ. ನಾನೇನು ಮಾಡಲಿ?

*

ಮೊದಲು ಅವರ ಮನೆಗೆ ಹೋಗಿ ಬನ್ನಿ ಮೇಡಂ. ಯಾಕೆ ಬರುತ್ತಿಲ್ಲ ಎಂದು ವಿಚಾರಿಸಲಿಕ್ಕಲ್ಲ, ಸಾವಾದ ಮನೆಗೆ ಹೋಗುವಂತೆ ಹೋಗಿ. ನಿಮ್ಮ ಕೇಂದ್ರದಲ್ಲಿ ಯಾರದಾದರೂ ಹೆಂಡತಿ ತೀರಿಕೊಂಡರೆ ನಾಲ್ಕು ಜನ ಸೇರಿ ಹೋಗುತ್ತೀರಿ, ಅರ್ಧ ಗಂಟೆ ಕೂತು ಬರುತ್ತೀರಿ, ವೈಕುಂಠ ಸಮಾರಾಧನೆಗೆ ಕರೆದರೆ ಹೋಗಿ ಉಂಡು ಬರುತ್ತೀರಿ. ಇವರಿಗೆ ಅದರಲ್ಲಿ ಯಾವುದೂ ಸಿಕ್ಕಿಲ್ಲ. ನನ್ನ ಸಂಗಾತಿ ಹೋದಾಗ ಕರ್ಮಕ್ಕೆ ಕೂತವನು ಅವರ ಅಣ್ಣನ ಮಗ. ನಾನು ಬಂದವರ ಸಾಲಿನಲ್ಲಿ ನಿಂತು, ಎಲೆಯ ಮುಂದೆ ಕೂತು, ಕೈ ತೊಳೆದು ಎದ್ದು ಬಂದೆ. ದಿನಾ ಬೆಳಿಗ್ಗೆ ಅವರಿಗೆ ಇನ್ಸುಲಿನ್ ಚುಚ್ಚುತ್ತಿದ್ದವನು ನಾನು ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ದುಃಖಕ್ಕಿಂತ ಹೆಚ್ಚು ಸುಸ್ತು ಮಾಡುವುದು ದುಃಖವನ್ನು ಅಡಗಿಸಿಡುವ ಕೆಲಸ.

ಆಮೇಲೆ ನಿಮ್ಮ ಸದಸ್ಯತ್ವದ ಅರ್ಜಿ ತೆಗೆದು ನೋಡಿ. ‘ಪತಿ / ಪತ್ನಿಯ ಹೆಸರು’ ಎಂದೊಂದು ಸಾಲು, ಅದರ ಕೆಳಗೆ ‘ಮಕ್ಕಳ ವಿವರ’ ಇರುತ್ತದೆ. ನಮ್ಮಂಥವರು ಅಲ್ಲೊಂದು ಅಡ್ಡಗೆರೆ ಎಳೆಯುತ್ತೇವೆ. ಗುಮಾಸ್ತ ತಲೆಯೆತ್ತಿ ‘ಮದುವೆ ಆಗ್ಲಿಲ್ವಾ ಸಾರ್? ಯಾಕೆ?’ ಅನ್ನುತ್ತಾನೆ. ಮೊದಲ ದಿನವೇ ಸುಳ್ಳು ಹೇಳಬೇಕಾಗುತ್ತದೆ, ಆಮೇಲೆ ಅದನ್ನು ನೆನಪಿಟ್ಟುಕೊಂಡು ಕಾಪಾಡಬೇಕು. ‘ನಿಮಗೆ ಹತ್ತಿರದವರು ಯಾರು, ಅವರ ಫೋನ್ ನಂಬರ್ ಏನು’ ಎಂದಿದ್ದರೆ ಸಾಕು. ಸಂಬಂಧ ಏನೆಂದು ಹೇಳುವುದೂ ಬಿಡುವುದೂ ಅವರಿಗೆ ಬಿಟ್ಟದ್ದು. ವಿವಾಹ ವಾರ್ಷಿಕೋತ್ಸವದ ಪಟ್ಟಿ ಫಲಕದ ಮೇಲೆ ಇರಲಿ, ಜೊತೆಗೆ ಎಲ್ಲರ ಹುಟ್ಟುಹಬ್ಬದ ಪಟ್ಟಿಯೂ ಇರಲಿ. ಪ್ರವಾಸಕ್ಕೆ ಕರೆದೊಯ್ಯುವಾಗ ದಂಪತಿಗೆ ಕೋಣೆ, ಉಳಿದವರಿಗೆ ಹಾಲ್ ಎಂದು ನೀವೇ ತೀರ್ಮಾನಿಸಬೇಡಿ. ಯಾರ ಜೊತೆ ಇರುತ್ತೀರಿ ಎಂದು ಪ್ರತಿಯೊಬ್ಬರನ್ನೂ ಕೇಳಿ.

ನಮ್ಮಂಥವರಿಗೂ ಇಲ್ಲಿ ಸ್ವಾಗತ ಎಂದು ತೋರಿಸಲು ಬಾಗಿಲಿಗೆ ಕಾಮನಬಿಲ್ಲಿನ ಸ್ಟಿಕ್ಕರ್ ಅಂಟಿಸಿ ಎಂದು ನಿಮಗೆ ಯಾರಾದರೂ ಬರೆದಿರಬಹುದು. ಸದ್ಯಕ್ಕೆ ಬೇಡ. ಈಗ ಅಂಟಿಸಿದರೆ ಎಲ್ಲರೂ ತಿರುಗಿ ಅವರೊಬ್ಬರನ್ನೇ ನೋಡುತ್ತಾರೆ. ಅವರು ಮರಳಿ ಬಂದು, ಕಾಲೂರಿದ ಮೇಲೆ ಅವರನ್ನೇ ಕೇಳಿ.

ನಮ್ಮ ತಲೆಮಾರಿನ ಭಯ ಸುಮ್ಮನೆ ಬಂದದ್ದಲ್ಲ. 1994ರಲ್ಲಿ ಈ ಊರಿನಲ್ಲಿ ನಮ್ಮಂಥವರು ಸೇರಿ ಮಾತಾಡುವ ‘ಗುಡ್ ಆಸ್ ಯೂ’ ಗುಂಪು ಶುರುವಾದಾಗ ನನಗೆ ನಲವತ್ತು ದಾಟಿತ್ತು. 2008ರಲ್ಲಿ ನಮ್ಮಂಥವರು ಬಹಿರಂಗವಾಗಿ ಬೀದಿಗಿಳಿಯುವ ಪ್ರೈಡ್ ಮೆರವಣಿಗೆ ಹೊರಟಾಗ ಸೇರಲು ಧೈರ್ಯ ಸಾಲದೆ ಫುಟ್‌ಪಾತಿನಲ್ಲಿ ನಿಂತು ನೋಡಿದೆ. ಪರಸ್ಪರ ಒಪ್ಪಿದ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಕುರಿತು ತೀರ್ಪು ಕೊಟ್ಟದ್ದು 2018ರ ಸೆಪ್ಟೆಂಬರ್ 6ರಂದು. ಅಷ್ಟರಲ್ಲಿ ನನಗೆ ಪಿಂಚಣಿ ಬರುತ್ತಿತ್ತು. ಗುಟ್ಟು ಹೊರಬಿದ್ದರೆ ನೌಕರಿ ಹೋದೀತು, ಪೊಲೀಸರು ಬಂದಾರು ಎನ್ನುತ್ತಲೇ ಸರ್ವಿಸ್ ಮುಗಿಸಿದವರು ನಾವು. ಅಂಥವರೊಬ್ಬರು 68ನೇ ವಯಸ್ಸಿನಲ್ಲಿ ನಿಮ್ಮೆದುರು ಬಾಯಿ ಬಿಟ್ಟಿದ್ದಾರೆ. ಅವರನ್ನು ಬಿಟ್ಟುಕೊಡಬೇಡಿ.

– 72 ವರ್ಷದ ಓದುಗ, ಮಲ್ಲೇಶ್ವರ

*

ಆ ಇಬ್ಬರು ಸದಸ್ಯರ ಬಗ್ಗೆ ಬರೆಯುತ್ತಿದ್ದೇನೆ. ಅವರನ್ನು ಹೊರಗೆ ಕಳಿಸಬೇಡಿ, ಅವರ ಜೊತೆ ಚೌಕಾಸಿಯನ್ನೂ ಮಾಡಬೇಡಿ. ಒಬ್ಬ ಸದಸ್ಯ ಇರಬೇಕೋ ಬೇಡವೋ ಎಂದು ಸಭೆಯಲ್ಲಿ ಚರ್ಚೆಗಿಟ್ಟರೆ ಅಲ್ಲಿಗೆ ನಿಮ್ಮ ಕೇಂದ್ರ ಮುಗಿಯಿತು. 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಅರವತ್ತು ತುಂಬಿದ ಭಾರತೀಯ ಪ್ರಜೆ ಹಿರಿಯ ನಾಗರಿಕ. ಹೆಂಡತಿ ಇದ್ದಾಳೋ ಇಲ್ಲವೋ ಎಂದು ಅದು ಕೇಳುವುದಿಲ್ಲ, ನಿಮ್ಮ ಬೈಲಾ ಯಾಕೆ ಕೇಳಬೇಕು?

ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಮಾತಾಡಿ. ಒಟ್ಟಿಗಿದ್ದಾಗ ಹಟ ಹಿಡಿಯುವವರು ಒಬ್ಬೊಬ್ಬರೇ ಸಿಕ್ಕಾಗ ಮೆತ್ತಗಾಗುವುದನ್ನು ಮೂವತ್ತು ವರ್ಷ ಶಾಲೆಯಲ್ಲಿ ನೋಡಿದ್ದೇನೆ. ಹೆಸರೆತ್ತಿ ಕೆಣಕಿದರೆ, ‘ನಾನು ಯಾವ ಸದಸ್ಯರ ಮನೆ ವಿಷಯವನ್ನೂ ಇನ್ನೊಬ್ಬರ ಹತ್ತಿರ ಆಡುವುದಿಲ್ಲ, ನಾಳೆ ನಿಮ್ಮದನ್ನೂ ಆಡುವುದಿಲ್ಲ’ ಎನ್ನಿ. ಹೌದು ಎಂದೂ ಹೇಳಬೇಡಿ, ಇಲ್ಲ ಎಂದೂ ಹೇಳಬೇಡಿ. ಟೀ ಕೊಡುವ ಹುಡುಗ, ವ್ಯಾನ್ ಡ್ರೈವರ್, ಯೋಗ ಹೇಳಿಕೊಡುವವರು, ಎಲ್ಲರಿಗೂ ಇದೇ ನಿಯಮ. ಮಾತು ಹಬ್ಬುವುದು ಹೆಚ್ಚಾಗಿ ಅಲ್ಲಿಂದಲೇ.

ಅಷ್ಟಾದ ಮೇಲೂ ಅವರು ಬಿಟ್ಟು ಹೋಗುತ್ತೇವೆ ಎಂದರೆ ಹೋಗಲಿ. ಬಾಗಿಲು ತೆರೆದಿರುತ್ತದೆ ಎಂದು ಹೇಳಿ ಕಳಿಸಿ.

– ನಿವೃತ್ತ ಶಿಕ್ಷಕಿ, 76, ಬಸವನಗುಡಿ

*

ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಐಸಿಯು ಬಾಗಿಲಲ್ಲಿ ‘ಪೇಷಂಟ್‌ಗೆ ನೀವು ಏನಾಗಬೇಕು?’ ಎಂದು ಕೇಳಿದಾಗ ಉತ್ತರ ತೋಚದೆ ನಿಂತವರನ್ನು ಕಂಡಿದ್ದೇನೆ. ಆದ್ದರಿಂದ ನನ್ನ ಸಲಹೆ ಕಾಗದಪತ್ರದ್ದು.

2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಿಲ್ಲ. ಹಾಗಾಗಿ ಉಯಿಲು ಇಲ್ಲದಿದ್ದರೆ ಸಂಗಾತಿಗೆ ಸೂಜಿಯಷ್ಟೂ ಸಿಗುವುದಿಲ್ಲ, ಎಲ್ಲವೂ ರಕ್ತಸಂಬಂಧಿಗಳ ಪಾಲು. ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಬೇಕು, ಆಸ್ತಿ ಪಡೆಯುವವರು ಸಾಕ್ಷಿ ಹಾಕದಿದ್ದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೆ ತಕರಾರು ತೆಗೆಯುವ ನೆಂಟರಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಾಡಿಸಿಬಿಡಿ. ಸಲಿಂಗ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಹತ್ತಿರದ ಬಂಧುಗಳು ಸಿಗದಿದ್ದಾಗ ಸಂಗಾತಿಯೇ ಪಾರ್ಥಿವ ಶರೀರ ಪಡೆಯಲು ಅವಕಾಶ ಕೊಡಿ ಎಂದು ಆರೋಗ್ಯ ಸಚಿವಾಲಯ ಅದೇ ತಿಂಗಳು ರಾಜ್ಯಗಳಿಗೆ ಬರೆದಿದೆ. ಬಹಳ ಜನಕ್ಕೆ ಇದು ಗೊತ್ತಿಲ್ಲ, ಕೌಂಟರಿನಲ್ಲಿ ಕೂತವರಿಗೂ ಗೊತ್ತಿರುವುದಿಲ್ಲ.

ಒಬ್ಬ ವಕೀಲರನ್ನು ಕರೆಸಿ ಎಲ್ಲ ಸದಸ್ಯರಿಗೂ ಉಯಿಲಿನ ಬಗ್ಗೆ ಒಂದು ಮಧ್ಯಾಹ್ನ ಹೇಳಿಸಿ. ವಿಧವೆಯರಿಗೆ, ಮಕ್ಕಳಿಲ್ಲದವರಿಗೆ, ಮದುವೆಯಾಗದವರಿಗೆ, ಎಲ್ಲರಿಗೂ ಬೇಕಾದ ವಿಷಯ. ಯಾರನ್ನೂ ಬೊಟ್ಟು ಮಾಡಿದ ಹಾಗಾಗುವುದಿಲ್ಲ.

– ಓದುಗರು, ರಾಜಾಜಿನಗರ

*

ನಿಮ್ಮ ಆ ಸದಸ್ಯರು ಮುಚ್ಚಿಟ್ಟುಕೊಂಡು ಬರಬಹುದಿತ್ತು. ನನ್ನಂಥ ಮಂಗಳಮುಖಿಯರಿಗೆ ಅದೂ ಆಗುವುದಿಲ್ಲ, ಗೇಟಿನಲ್ಲೇ ಗೊತ್ತಾಗುತ್ತದೆ. ನಮ್ಮವರೇ ಆದ ಜನಪದ ಕಲಾವಿದೆ ಮಂಜಮ್ಮ ಜೋಗತಿ 2021ರಲ್ಲಿ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ಸ್ವೀಕರಿಸಿದ್ದನ್ನು ಇಡೀ ಕರ್ನಾಟಕ ಟಿವಿಯಲ್ಲಿ ನೋಡಿ ಹೆಮ್ಮೆಪಟ್ಟಿತು. ಆದರೂ ಪಾರ್ಕಿನ ಬೆಂಚಿನಲ್ಲಿ ನಾನು ಕೂತರೆ ಪಕ್ಕದವರು ಎದ್ದು ಹೋಗುತ್ತಾರೆ.

ನನಗೀಗ 66. ಮಂಡಿ ನೋವು, ಬಿಪಿ ಎಲ್ಲರಿಗೂ ಇರುವಂಥದ್ದೇ. ನಮಗೆ ಸರ್ಕಾರ ಕೊಡುವ ಮೈತ್ರಿ ಮಾಸಾಶನ 64ರವರೆಗೆ, 65 ಆದ ಮೇಲೆ ವೃದ್ಧರ ಪಿಂಚಣಿಯಾದ ಸಂಧ್ಯಾ ಸುರಕ್ಷೆಗೆ ಹೊಸದಾಗಿ ಅರ್ಜಿ ಹಾಕಬೇಕು. ಆ ಅರ್ಜಿ ತುಂಬಿಕೊಡುವವರು ಸಿಕ್ಕಿದ್ದರೆ ನಾಡಕಚೇರಿಗೆ ನನ್ನ ಎಷ್ಟೋ ಅಲೆದಾಟ ತಪ್ಪುತ್ತಿತ್ತು. ನಿಮ್ಮ ಕೇಂದ್ರ ಮಾಡಬಹುದಾದ ಕೆಲಸ ಇದು.

ಹೆಸರು ಒಂದು ಕಾರ್ಡಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇರುತ್ತದೆ. ನಾವು ಹೇಳಿದ ಹೆಸರಿನಿಂದ ಕರೆಯಿರಿ. ಗಂಡು, ಹೆಣ್ಣು, ತೃತೀಯ ಲಿಂಗಿ ಎಂದು ಗುರುತಿಸಿಕೊಳ್ಳುವ ಹಕ್ಕು ನಮ್ಮದೇ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ, ಆಪರೇಷನ್ ಆಗಿದೆಯಾ ಎಂದು ಕೇಳುವ ಅಗತ್ಯವಿಲ್ಲ. ಚಿಲಕ ಸರಿಯಾಗಿ ಬೀಳುವ, ಯಾರು ಬೇಕಾದರೂ ಬಳಸಬಹುದಾದ ಒಂದು ಶೌಚಾಲಯ ಇರಲಿ. ಶೌಚಾಲಯದ ಚಿಂತೆಗೆ ನೀರೇ ಕುಡಿಯದೆ ಕೂತು ಬರುವ ಜಾಗಕ್ಕೆ ಎರಡನೇ ಸಲ ಯಾರೂ ಹೋಗುವುದಿಲ್ಲ.

– ಓದುಗರು, ಯಶವಂತಪುರ

*

ನಾವಿಬ್ಬರು ಹೆಂಗಸರು, ಒಂದೇ ಮನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಇದ್ದೇವೆ. ಬೀದಿಯವರ ಪಾಲಿಗೆ ಅಕ್ಕತಂಗಿ. ಅವಳಿಗೆ ಈಗ ಮರೆವು ಶುರುವಾಗಿದೆ. ಯಾರ ಮುಂದೆ ಏನು ಹೇಳಬಾರದು ಎಂಬುದನ್ನೂ ಮರೆಯುತ್ತಿದ್ದಾಳೆ, ಎಲ್ಲರ ಎದುರೇ ನನ್ನ ಕೈ ಹಿಡಿದುಕೊಳ್ಳುತ್ತಾಳೆ. ಅದಕ್ಕೇ ಯಾವ ಕೇಂದ್ರಕ್ಕೂ ಕರೆದುಕೊಂಡು ಹೋಗಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಕೇಳಬೇಕೆನಿಸಿತು. ನಿಮ್ಮ ಕೇಂದ್ರ ಎಲ್ಲಿದೆ ಎಂದು ಸಂಪಾದಕರ ಮೂಲಕ ತಿಳಿಸುತ್ತೀರಾ? ನಮ್ಮಿಬ್ಬರಿಗೂ ಸದಸ್ಯತ್ವ ಬೇಕು.

– ಓದುಗರು, ವಿಜಯನಗರ