ಕಪ್ಪಿಂಗ್‌ಗೆ ‘ರಕ್ತಮೋಕ್ಷಣ’ ಎನ್ನಬಹುದೇ?

ಗೆಳೆಯರೇ,

ಬೆನ್ನು, ಕತ್ತು ನೋವಿಗೆ ಚರ್ಮದ ಮೇಲೆ ಬಟ್ಟಲು ಕವುಚಿ ಹೀರಿಸುವ ಚಿಕಿತ್ಸೆಯಾದ ಕಪ್ಪಿಂಗ್ ಕುರಿತು ರೋಗಿಗಳಿಗೆ ಕೊಡುವ ಕರಪತ್ರವೊಂದನ್ನು ತಿದ್ದುತ್ತಿದ್ದೇನೆ. ಕರಡಿನ ಉದ್ದಕ್ಕೂ ‘ರಕ್ತಮೋಕ್ಷಣ’ ಎಂದಿದೆ. ನನಗದು ಒಪ್ಪಿಗೆಯಿಲ್ಲ.

ರಕ್ತಮೋಕ್ಷಣವೆಂದರೆ ನೆತ್ತರನ್ನು ಹೊರಬಿಡುವುದು. ಜಿಗಣೆ ಹಚ್ಚುವುದೂ ಅದೇ, ಸಿರೆ ಚುಚ್ಚುವುದೂ ಅದೇ. ಕಪ್ಪಿಂಗ್‌ನಲ್ಲಾದರೋ ಎರಡು ಬಗೆ. ಒಂದರಲ್ಲಿ ಚರ್ಮ ಗೀರಿ ರಕ್ತ ತೆಗೆಯುತ್ತಾರೆ. ಇನ್ನೊಂದರಲ್ಲಿ ಗೀರುವುದೇ ಇಲ್ಲ, ಬಟ್ಟಲೊಳಗಿನ ಗಾಳಿಯ ಒತ್ತಡ ತಗ್ಗಿ ಚರ್ಮ ಮೇಲಕ್ಕೆ ಉಬ್ಬುತ್ತದೆ, ಅಷ್ಟೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲೆ ಕಂಡ ದುಂಡನೆಯ ಗುರುತುಗಳು ಈ ಎರಡನೆಯ ಬಗೆಯವು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಎರಡಕ್ಕೂ ಮೊದಲು ವೈದ್ಯರನ್ನು ಕೇಳಲೇಬೇಕು. ಗೀರುವುದಂತೂ ಅವರಿಗೆ ಹೆಚ್ಚು ಅಪಾಯ. ಹೀಗಿರುವಾಗ ಎರಡಕ್ಕೂ ಒಂದೇ ಹೆಸರಿಟ್ಟರೆ ಓದಿದವರಿಗೆ ಏನು ತಿಳಿದೀತು?

‘ಒಣ ಕಪ್ಪಿಂಗ್’, ‘ಹಸಿ ಕಪ್ಪಿಂಗ್’ ಎಂಬ ಸಲಹೆಯೂ ಬಂದಿದೆ. ಕನ್ನಡದ ಕಿವಿಗೆ ‘ಹಸಿ’ ಎಂದರೆ ಬೇಯದ್ದು, ಒಣಗದ್ದು. ರಕ್ತದ ಸುಳಿವೇ ಅದರಲ್ಲಿಲ್ಲ. ಕಪ್ಪಿಂಗ್‌ಗೆ ‘ಹಿಜಾಮಾ’ ಎನ್ನುವ ಯುನಾನಿ ವೈದ್ಯರ ಹೆಸರುಗಳು ನನಗೆ ಹೆಚ್ಚು ಹಿಡಿಸಿದವು: ‘ಹಿಜಾಮಾ ಬಿಲಾ ಶರ್ತ್’, ‘ಹಿಜಾಮಾ ಬಿಶ್ಶರ್ತ್’. ಇಲ್ಲಿನ ‘ಶರ್ತ್’ ಗೀರುವಿಕೆ; ಮೊದಲನೆಯದು ಗೀರದೆ ಮಾಡುವುದು, ಎರಡನೆಯದು ಗೀರಿ ಮಾಡುವುದು. ನಮ್ಮ ‘ಷರತ್ತು’ ಕೂಡ ಅರಬ್ಬಿಯಲ್ಲಿ ಇವೇ ಅಕ್ಷರಗಳಲ್ಲಿ ಬರೆಯುವ ಪದ. ಹಾಗಾಗಿ ‘ಷರತ್ತಿಲ್ಲದ ಹಿಜಾಮಾ’ ಎಂದು ಯಾರಾದರೂ ಅನುವಾದಿಸಿಬಿಟ್ಟಾರು ಎಂಬ ಭಯ ನನಗಿದೆ! ಅವರದೇ ಜಾಡಿನಲ್ಲಿ ‘ಗೀರದ ಕಪ್ಪಿಂಗ್’, ‘ಗೀರುವ ಕಪ್ಪಿಂಗ್’ ಎಂದರೆ ಓದಿದ ಕೂಡಲೇ ತಿಳಿಯುತ್ತದೆ.

ಇನ್ನು ‘ಕಪ್ಪಿಂಗ್’ ಎಂಬುದಕ್ಕೇ ಬದಲಿ ಬೇಕೇ? ‘ಬಟ್ಟಲು ಚಿಕಿತ್ಸೆ’ ಎಂದರೆ ಬಟ್ಟಲಲ್ಲಿ ಮದ್ದು ಕುಡಿಸಿದಂತೆ ಕೇಳುತ್ತದೆ. ಸುಶ್ರುತ ಸಂಹಿತೆಯಲ್ಲಿ ಉಪಕರಣದ ಹೆಸರೇ ಮುಂದು: ವಾತಕ್ಕೆ ಹಸುವಿನ ಕೊಂಬು, ಅದನ್ನು ಬಾಯಿಂದ ಹೀರಬೇಕು; ಕಫಕ್ಕೆ ಸೋರೆಬುರುಡೆ, ಒಳಗೆ ದೀಪವಿಟ್ಟು. ಹಿಂದಿಯ ‘ಸಿಂಗಿ ಲಗಾನಾ’, ಮಲಯಾಳದ ‘ಕೊಂಬು ವೆಕ್ಕಲ್’ ಎರಡರಲ್ಲೂ ಕೊಂಬು ಉಳಿದಿದೆ. ಈಗ ಗಾಜು, ಪ್ಲಾಸ್ಟಿಕ್ ಬಂದಿದ್ದರೂ ‘ಕೊಂಬು ಹಾಕುವುದು’ ಎಂದರೆ ನನಗೆ ಸಹಜವೆನಿಸುತ್ತದೆ.

ನಿಮ್ಮ ಕಡೆ ಹಿರಿಯರು ಇದಕ್ಕೆ ಯಾವ ಕ್ರಿಯಾಪದ ಬಳಸುತ್ತಾರೆ: ಹಾಕು, ಇಡು, ಹಚ್ಚು? ಊರಿನ ಹೆಸರಿನೊಂದಿಗೆ ತಿಳಿಸಿದರೆ ಉಪಕಾರವಾದೀತು. ಆಮೇಲೆ ಉಳಿಯುವ ಗುರುತಿಗೆ ‘ಕಲೆ’ ಎನ್ನಲು ಮನಸ್ಸಿಲ್ಲ, ಅದು ಕೆಲವು ದಿನಗಳಲ್ಲಿ ಮಾಸುವಂಥದ್ದು. ಸದ್ಯಕ್ಕೆ ‘ಕಂದಿದ ಗುರುತು’ ಎಂದು ಬರೆದಿದ್ದೇನೆ.