ಕರ್ಣ, ವಿಕರ್ಣ: ಯಾವ ಗೆರೆಗೆ ಯಾವ ಹೆಸರು?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಹತ್ತನೇ ತರಗತಿ ಮಕ್ಕಳಿಗೆ ಸಂಜೆ ಹೊತ್ತು ಗಣಿತ ಹೇಳಿಕೊಡುತ್ತೇನೆ. ಮೊನ್ನೆ ಒಂದು ಸಣ್ಣ ಲೆಕ್ಕ ಕೊಟ್ಟಿದ್ದೆ. ಆಯತದ ಕರ್ಣ 13 ಸೆಂ.ಮೀ., ಒಂದು ಬಾಹು 5 ಸೆಂ.ಮೀ., ಇನ್ನೊಂದು ಬಾಹು ಎಷ್ಟು? 169ರಲ್ಲಿ 25 ಕಳೆದರೆ 144, ಉತ್ತರ 12. ಒಬ್ಬ ಹುಡುಗಿ ಮಾತ್ರ ಕಳೆಯುವ ಬದಲು ಕೂಡಿಸಿ, 194ರ ವರ್ಗಮೂಲ ಹುಡುಕುತ್ತಾ ಕೂತಿದ್ದಳು. ಯಾಕಮ್ಮಾ ಅಂದರೆ, "ಸರ್, ಕರ್ಣ ಕೊಟ್ಟಿದಾರಲ್ಲ, ವಿಕರ್ಣ ಕಂಡುಹಿಡೀಬೇಕು ಅಂದ್ಕೊಂಡೆ" ಅಂದಳು.

ಅವಳನ್ನು ಬೈಯಲು ಮನಸ್ಸು ಬರಲಿಲ್ಲ. ನಮ್ಮ ಪಾಠಗಳಲ್ಲಿ ಆಯತದ ಎದುರು ಮೂಲೆಗಳನ್ನು ಸೇರಿಸುವ ಗೆರೆ ಕರ್ಣ. ಲಂಬಕೋನ ತ್ರಿಭುಜದಲ್ಲಿ ಲಂಬಕೋನದ ಎದುರಿನ ಬಾಹು ವಿಕರ್ಣ. ಆಯತಕ್ಕೆ ಒಂದು ಕರ್ಣ ಎಳೆದರೆ ಎರಡು ತ್ರಿಭುಜ ಆಗುತ್ತವೆ, ಆ ಕರ್ಣವೇ ಎರಡಕ್ಕೂ ವಿಕರ್ಣ! ಹಿಂದಿಯಲ್ಲಂತೂ ಪೂರ್ತಿ ಉಲ್ಟಾ: ತ್ರಿಭುಜದ್ದು ಕರ್ಣ, ಆಯತದ್ದು ವಿಕರ್ಣ. ಭಾಸ್ಕರಾಚಾರ್ಯರ 1150ರ ಲೀಲಾವತಿಯಲ್ಲೂ ತ್ರಿಭುಜದ ಮೂರು ಬದಿಗೆ ಭುಜ, ಕೋಟಿ, ಕರ್ಣ ಎಂದೇ ಹೆಸರು. ಹಾಗಾದರೆ ನಮ್ಮ ತ್ರಿಭುಜಕ್ಕೆ ಈ 'ವಿ' ಯಾವಾಗ ಅಂಟಿಕೊಂಡಿತು? (ವಿಕರ್ಣ ಅಂದರೆ ನನಗೆ ಮೊದಲು ನೆನಪಾಗುವುದು ದ್ರೌಪದಿ ಪರವಾಗಿ ಮಾತಾಡಿದ ದುರ್ಯೋಧನನ ತಮ್ಮ.)

ಸುಲಭ ಆಗಲಿ ಅಂತ ಒಂದು ವರ್ಷ "ಓರೆ ಗೆರೆ" ಎಂದು ಹೇಳಿಕೊಟ್ಟು ಕೈ ಸುಟ್ಟುಕೊಂಡೆ. ತ್ರಿಭುಜವನ್ನು ಸ್ವಲ್ಪ ತಿರುಗಿಸಿ ಬರೆದರೆ ಮೂರೂ ಓರೆಯೇ ಅಲ್ವಾ!

ಶಾಮನೂರು ಕಡೆ ನೆಂಟರೊಬ್ಬರ 30-40 ಸೈಟಿಗೆ ಕಾಂಪೌಂಡ್ ಗುರುತು ಹಾಕುವಾಗ ಸುಮ್ನೆ ನೋಡುತ್ತಾ ನಿಂತಿದ್ದೆ. ಮೇಸ್ತ್ರಿ ನಾಲ್ಕು ಗೂಟ ಹೊಡೆದು ದಾರ ಕಟ್ಟಿದರು. ಟೇಪಿನ ತುದಿ ಹುಡುಗನ ಕೈಗೆ ಕೊಟ್ಟು, "ಮೂಲೆಗೆ ಮೂಲೆ ಹಿಡಿಯಲೇ" ಅಂದರು. 50 ಅಡಿಗಿಂತ ಎರಡು ಇಂಚು ಜಾಸ್ತಿ ಬಂತು. ಗೂಟ ಸರಿಸಿ ಮತ್ತೆ ಹಿಡಿದರು. ಸರಿಯಾಗಿ 50. "ಈಗ ಮೂಲೆ ಕೂತ್ತು ನೋಡ್ರಿ" ಅಂದು ಬೀಡಿ ಹಚ್ಚಿದರು. ಕರ್ಣವೂ ಬೇಕಾಗಲಿಲ್ಲ, ವಿಕರ್ಣವೂ ಬೇಕಾಗಲಿಲ್ಲ.

ನನ್ನನ್ನು ಕೇಳಿದರೆ ಎರಡಕ್ಕೂ ಕರ್ಣ ಒಂದೇ ಸಾಕು. ಆದರೆ ಪರೀಕ್ಷೆಯಲ್ಲಿ ವಿಕರ್ಣ ಎಂದೇ ಬರುತ್ತದೆ, ನಾನೊಬ್ಬ ಬದಲಿಸಿದರೆ ಮಕ್ಕಳಿಗೆ ತೊಂದರೆ. ನಿಮ್ಮಲ್ಲಿ ಹಳೆಯ ಗಣಿತ ಪುಸ್ತಕ ಇಟ್ಟುಕೊಂಡವರು ಯಾರಾದರೂ ಇದ್ದರೆ ನೋಡಿ ಹೇಳುತ್ತೀರಾ, ಅದರಲ್ಲಿ ತ್ರಿಭುಜಕ್ಕೆ ಯಾವ ಪದ ಇದೆ? ಹಾಗೇ ನಿಮ್ಮೂರಿನ ಮೇಸ್ತ್ರಿಗಳು ಈ "ಮೂಲೆಗೆ ಮೂಲೆ"ಗೆ ಏನನ್ನುತ್ತಾರೆ?