‘ಸಂಕರ’, ‘ಬೆರಕೆ’, ‘ಹೈಬ್ರಿಡ್’: ಹುಳ ಮಾಡಿದ್ದಕ್ಕೆ ಯಾವ ಪದ?

ಗೆಳೆಯರೇ, ಒಂದು ಪದ ಬೇಕಿತ್ತು: ಹುಳ ಹೊತ್ತು ತಂದ ಪರಾಗದಿಂದ ಎರಡು ಬೇರೆ ಬಗೆಯ ಮರಗಳು ತಾವಾಗಿಯೇ ಕೂಡಿದರೆ, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಸೊಸೈಟಿಯ ಹಿಂದೆ ಒಂದು ಅತ್ತಿಮರ ಇದೆ, ಬುಡದಲ್ಲಿ ದತ್ತನ ಪಾದುಕೆ. ಭಾನುವಾರ ಕನ್ನಡ ಕಲಿಯೋಕೆ ಬರುವ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಒಂದು ದೋರೆಗಾಯನ್ನು ಪೇಪರ್ ಮೇಲೆ ಬಿಡಿಸಿದೆ. ಸಣ್ಣ ಸಣ್ಣ ಕಣಜಗಳು ಹರಿದಾಡುತ್ತಿದ್ದವು. ರೆಕ್ಕೆ ಹರಿದ ಒಂದು ಹುಳ ಸತ್ತು ಅಂಟಿಕೊಂಡಿತ್ತು. ಕಾಯಿಯ ತುದಿಯ ಕಂಡಿಯಲ್ಲಿ ನುಗ್ಗುವಾಗಲೇ ತಾಯಿಹುಳದ ರೆಕ್ಕೆ ಹರಿದು ಹೋಗುತ್ತದೆ, ಅದು ಹೊತ್ತು ತಂದ ಪರಾಗ ಒಳಗಿನ ಹೂಗಳಿಗೆ ಸಿಗುತ್ತದೆ ಅಂದೆ. (ಕಣಜ ಅಂದ್ರೆ ಕಾಳು ತುಂಬೋದಲ್ವಾ ಅಂತ ಒಬ್ಬ ಕೇಳಿದ. ಅದೂ ಹೌದು, ಇದೂ ಹೌದು!)

‘ಈ ಹುಳ ಆಲದ ಮರಕ್ಕೆ ಹೋದ್ರೆ?’ ಅಂದಳು ಒಬ್ಬಳು. ಸಾಮಾನ್ಯವಾಗಿ ಹೋಗುವುದಿಲ್ಲ. ಅತ್ತಿ, ಆಲ, ಅರಳಿ, ಬಸರಿ, ಇವೆಲ್ಲ ಒಂದೇ ಕುಲ, ಲೋಕದಲ್ಲಿ ಸುಮಾರು 750 ಬಗೆ. ಹೆಚ್ಚಿನವಕ್ಕೆ ತಮ್ಮದೇ ಕಣಜ ಇದೆ, ಅದು ವಾಸನೆ ಹಿಡಿದು ತನ್ನ ಮರಕ್ಕೇ ಬರುತ್ತದೆ. ಅರಳಿಗೂ ಬೇವಿಗೂ ನಾವು ಮದುವೆ ಮಾಡಿಸುತ್ತೇವೆ, ಅರಳಿಗೂ ಆಲಕ್ಕೂ ಮಾಡಿಸೋಕೆ ಹುಳ ಒಪ್ಪಬೇಕು. ಆದರೂ ಒಮ್ಮೊಮ್ಮೆ ದಾರಿ ತಪ್ಪಿದ ಹುಳ ನೆಂಟರ ಮರ ಹೊಕ್ಕುಬಿಡುತ್ತದೆ. ಜೀನ್ ಹೋಲಿಸಿ ನೋಡಿದವರಿಗೆ, ಈ ಕುಲದ ಕೆಲವು ಬಗೆಗಳು ಹಿಂದೆ ಹೀಗೆ ಕೂಡಿದ್ದ ಗುರುತು ಸಿಕ್ಕಿದೆ. ಹಾಗೆ ಹುಟ್ಟಿದ ಗಿಡದ ವಾಸನೆ ಯಾವ ಕಣಜಕ್ಕೂ ತನ್ನದು ಅನ್ನಿಸದೇ ಇರಬಹುದು, ಆಗ ಅದರ ವಂಶ ಅಲ್ಲಿಗೇ ನಿಂತಿತು.

ಇದನ್ನೆಲ್ಲ ಹೇಳಿದೆ, ಆದರೆ ಆ ಕೂಡಿಕೆಗೆ ಏನನ್ನಬೇಕು ಅಂತ ಬಂದಾಗ ನಾಲಿಗೆ ತಡವರಿಸಿತು. ‘ಸಂಕರ’ ಅಂದ್ರೆ ನನಗಂತೂ ‘ವರ್ಣಸಂಕರ’ವೇ ಕೇಳಿಸುತ್ತದೆ. ಇಲ್ಲಿ ಮರಾಠಿಯವರು ‘ಸಂಕರಿತ್ ಗಾಯ್’ ಅಂತ ಸಲೀಸಾಗಿ ಅಂತಾರೆ, ಅವರಿಗೆ ಅದು ಚುಚ್ಚುವುದಿಲ್ಲ. ‘ಬೆರಕೆ’ ಬೈಗುಳ. ‘ಅಡ್ಡತಳಿ’ಯಲ್ಲೂ ಅಡ್ಡದಾರಿಯ ನೆರಳಿದೆ. ‘ಕಸಿ’ ಅಂತ ಹಿರಿಯರೊಬ್ಬರು ಹೇಳಿದರು, ಅದು ಕೊಂಬೆ ಕಟ್ಟುವುದು, ಇಲ್ಲಿ ಬೀಜವೇ ಬೇರೆಯಾಗುತ್ತದೆ. ‘ಮಿಶ್ರತಳಿ’ ಹಸುವಿಗೆ ಸರಿ, ಆದರೆ ತಳಿ ಅಂದಮೇಲೆ ಯಾರೋ ಬೆಳೆಸಿರಬೇಕು ಅಲ್ವಾ?

ಉಳಿದದ್ದು ‘ಹೈಬ್ರಿಡ್’. ನಾನು ಧಾರವಾಡದ ಕಡೆಯವನು, ಹೈಬ್ರಿಡ್ ಜೋಳ ನಮಗೆ ಮನೆಮಾತು. ಧಾರವಾಡದಲ್ಲೇ 1972ರಲ್ಲಿ ಎರಡು ಬೇರೆ ಜಾತಿಯ ಹತ್ತಿ ಕೂಡಿಸಿ ‘ವರಲಕ್ಷ್ಮಿ’ ತಂದರು, ಅದರ ಬೀಜಕ್ಕೆ ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಸವರಬೇಕು. ಅದಕ್ಕೇ ಆ ಪದ ಕೇಳಿದರೆ ನನಗೆ ಮನುಷ್ಯರ ಬೆರಳು ಕಾಣುತ್ತದೆ, ಹುಳ ಕಾಣುವುದಿಲ್ಲ.

ಸುಮ್ನೆ ಹೊಸ ಪದ ಕಟ್ಟೋದು ಬೇಡ, ರೈತರ ಬಾಯಲ್ಲಿ ಇದ್ದೇ ಇರಬೇಕು. ಖಾರದ ಮೆಣಸಿನ ಪಕ್ಕ ಡೊಣ್ಣಮೆಣಸು ಹಾಕಿ, ಅದರ ಬೀಜ ಮುಂದಿನ ವರ್ಷ ಬಿತ್ತಿದರೆ ಡೊಣ್ಣಮೆಣಸೇ ಖಾರ ಬರುವುದುಂಟು. ನಮ್ಮಜ್ಜಿ ‘ಬೀಜ ಕೆಟ್ಟೈತಿ’ ಅಂದು ಸುಮ್ಮನಾಗುತ್ತಿದ್ದಳು. ನಿಮ್ಮ ಕಡೆ ಅದಕ್ಕೆ ಏನಂತಾರೆ?